ಟ್ರೇಲರ್ ಟೈರಿಗೆ ದುಡ್ಡು ಹಾಕೋ ಮುಂಚೆ

ಪುಣೆ, ಹೈದರಾಬಾದ್‌ನಲ್ಲಿ ಕೂತಿರೋ ನಮಗೆ ಊರಿಂದ ಅಣ್ಣನ ಫೋನ್ ಬರುತ್ತೆ: "ತಮ್ಮಾ, ಟ್ರ್ಯಾಕ್ಟರ್ ಟ್ರೇಲರಿನ ಟೈರ್ ಹೋದ್ವು, ಮಡ್‌ಗಾರ್ಡೂ ಕಿತ್ತೋಯ್ತು. ಸ್ವಲ್ಪ ದುಡ್ಡು ಹಾಕೋ." ಹಾಕೋಣ. ಆದ್ರೆ ಮೂರು ಮಾತು ಹೇಳಿ ಹಾಕೋಣ.

ಒಂದು, ಟೈರ್. ಸೈಜ್ ಸರಿಯಿದ್ದರೆ ಸಾಲದು; ಪ್ಲೈ ರೇಟಿಂಗ್, ಲೋಡ್ ಇಂಡೆಕ್ಸ್ ನೋಡಬೇಕು. ಇಂಡೆಕ್ಸ್ 100 ಅಂದ್ರೆ ಒಂದು ಟೈರಿಗೆ 800 ಕೆಜಿ. ಲೆಕ್ಕಕ್ಕೆ ಖಾಲಿ ಟ್ರೇಲರಿನ ತೂಕವೂ ಸೇರಬೇಕು. ಸೆಕೆಂಡ್ ಹ್ಯಾಂಡ್ ಆದರೆ ತಾರೀಖಿನ ನಾಲ್ಕು ಅಂಕಿ ಓದಿ: 2319 ಅಂದ್ರೆ 2019ರ 23ನೇ ವಾರ. ಟೈರ್ ಸವೆಯದಿದ್ದರೂ ರಬ್ಬರಿಗೆ ವಯಸ್ಸಾಗುತ್ತೆ.

ಎರಡು, ಮಡ್‌ಗಾರ್ಡ್. ಸ್ಪ್ರಿಂಗ್ ಇರೋ ಟ್ರೇಲರ್ ಲೋಡ್ ಬಿದ್ದಾಗ ಕೆಳಗಿಳಿಯುತ್ತೆ. ಅದಕ್ಕೇ ಟೈರಿಗೂ ತಗಡಿಗೂ ನಡುವಿನ ಜಾಗವನ್ನ ಲೋಡ್ ಹಾಕಿಯೇ ಅಳೆಯಬೇಕು.

ಮೂರನೆಯದೇ ಮುಖ್ಯ. ವೆಲ್ಡಿಂಗ್‌ಗೆ ಮುಂಚೆ ಚಕ್ರ ಬಿಚ್ಚಿ ದೂರ ಇಡಿಸಿ. ಬೆಂಕಿಯ ಕಾವು ತಗುಲಿದ ಟೈರ್ ಸಿಡಿದು ಪಕ್ಕದಲ್ಲಿದ್ದವರ ಜೀವ ತೆಗೆಯಬಹುದು. ಚಕ್ರ ವಾಪಸ್ ಹಾಕುವಾಗ ನಟ್‌ಗಳನ್ನ ಎದುರುಬದುರಾಗಿ ಬಿಗಿಸಲಿ. 50 ಕಿಲೋಮೀಟರ್ ಓಡಿದ ಮೇಲೆ ಇನ್ನೊಮ್ಮೆ.

ದುಡ್ಡು ಎರಡು ಸೆಕೆಂಡಲ್ಲಿ ಊರು ಸೇರುತ್ತೆ. ಈ ಮಾತಿಗೆ ಐದು ನಿಮಿಷ ಬೇಕು. ಇವತ್ತೇ ಫೋನ್ ಮಾಡಿ.