ನಾರಾ ಪಟ್ಟಣದ ಮಹಾಬುದ್ಧನೂ ಬಡವನ ಹಿಡಿಮಣ್ಣೂ

ಶ್ರೀಮಠದ ಮಹೋತ್ಸವದಲ್ಲಿ ದೂರದ ಜಪಾನದ ಮಾತೇಕೆಂದು ತಾವು ಕೇಳಬಹುದು. ಧರ್ಮಸ್ಥಾನವೊಂದು ಸುಟ್ಟು ಬೂದಿಯಾದರೂ ಮರಳಿ ಏಳುವದು ಯಾರ ಬಲದಿಂದ ಎಂಬುದನ್ನು ಆ ನಾಡಿನ ಹಳೆಯ ರಾಜಧಾನಿಯಾದ ನಾರಾ ಪಟ್ಟಣವು ಚೆನ್ನಾಗಿ ತಿಳಿಸುತ್ತದೆ. ಆದುದರಿಂದ ಆ ವಿಷಯವನ್ನೇ ಆರಿಸಿಕೊಂಡಿರುವೆನು.

ಕ್ರಿ. ಶ. 710ರಿಂದ 784ರ ವರೆಗೆ ಬಹುಮಟ್ಟಿಗೆ ನಾರಾ ಪಟ್ಟಣವೇ ಜಪಾನದ ರಾಜಧಾನಿಯಾಗಿದ್ದಿತು. 735ರಿಂದ 737ರ ವರೆಗೆ ಸಿಡುಬಿನ ಮಾರಿಯಿಂದ ಅಸಂಖ್ಯ ಜನರು ಮಡಿದರು. ಪ್ರಜೆಗಳ ದುಃಖದಿಂದ ನೊಂದ ಶೋಮು ಚಕ್ರವರ್ತಿಯು 743ರಲ್ಲಿ ವೈರೋಚನ ಬುದ್ಧನ ಕಂಚಿನ ಮಹಾಮೂರ್ತಿಯನ್ನು ಮಾಡಿಸುವ ಸಂಕಲ್ಪವನ್ನು ಸಾರಿದನು. ಒಂದು ಹುಲ್ಲುಕಡ್ಡಿಯನ್ನಾಗಲಿ ಒಂದು ಹಿಡಿ ಮಣ್ಣನ್ನಾಗಲಿ ತರುವವನನ್ನೂ ಈ ಕಾರ್ಯದಲ್ಲಿ ಸೇರಿಸಿಕೊಳ್ಳಬೇಕೆಂದೂ, ಇದರ ನೆವದಿಂದ ಅಧಿಕಾರಿಗಳು ಪ್ರಜೆಗಳನ್ನು ಪೀಡಿಸಿ ವಸೂಲು ಮಾಡಬಾರದೆಂದೂ ಆ ಶಾಸನದಲ್ಲಿ ವಿಧಿಸಿದನು.

ಆ ಹಿಡಿಮಣ್ಣನ್ನು ಕೂಡಿಸಲು ಮುಂದಾದವನು ಗ್ಯೋಕಿ ಎಂಬ ಭಿಕ್ಷು. ಊರೂರು ತಿರುಗಿ ಜನರಿಗೆ ಬೋಧಿಸುತ್ತ, ಅವರನ್ನು ಕೂಡಿಕೊಂಡು ಸೇತುವೆಗಳನ್ನು ಕಟ್ಟಿಸುತ್ತ, ಕೆರೆಗಳನ್ನು ತೋಡಿಸುತ್ತ ನಡೆದವನಾತನು. ಇದೇ ಕಾರಣದಿಂದ 717ರಲ್ಲಿ ಸರಕಾರವು ಆತನನ್ನು ಖಂಡಿಸಿತ್ತು. ಅದೇ ಸರಕಾರವು 745ರಲ್ಲಿ ಆತನಿಗೆ ಭಿಕ್ಷುಗಳಲ್ಲಿ ಅತ್ಯುನ್ನತವಾದ ಪದವಿಯನ್ನಿತ್ತಿತು. ಆದರೆ ಮೂರ್ತಿಯ ನೇತ್ರೋನ್ಮೀಲನವನ್ನು ಕಾಣದೆಯೇ 749ರಲ್ಲಿ ಆತನು ತೀರಿಕೊಂಡನು. 752ರಲ್ಲಿ ತೋದೈಜಿ ವಿಹಾರದಲ್ಲಿ ಆ ಉತ್ಸವವು ನಡೆಯಿತು. ಕುಂಚವನ್ನು ಹಿಡಿದು ಕಣ್ಣುಗಳನ್ನು ಬರೆದವನು ನಮ್ಮ ಭರತಖಂಡದಿಂದ ಹೋಗಿದ್ದ ಬೋಧಿಸೇನನು! ಆ ಕುಂಚಕ್ಕೆ ಉದ್ದವಾದ ದಾರಗಳನ್ನು ಕಟ್ಟಿ, ನೆರೆದವರು ಅವನ್ನು ಹಿಡಿದು ಪುಣ್ಯದಲ್ಲಿ ಪಾಲುಗೊಂಡರು.

ಅಲ್ಲಿ ಬುದ್ಧನಿಗೂ ನಾಡದೇವತೆಗಳಿಗೂ ವೈರವಿರಲಿಲ್ಲ. 749ರಲ್ಲಿ ಹಾಚಿಮಾನ್ ದೇವತೆಯನ್ನು ಮಹಾಬುದ್ಧನ ರಕ್ಷಣೆಗಾಗಿ ನಾರಾಕ್ಕೆ ಬರಮಾಡಿಕೊಂಡರು. 768ರಲ್ಲಿ ಸ್ಥಾಪಿತವಾಯಿತೆನ್ನುವ ಕಾಸುಗಾ ಶಿಂತೋ ದೇವಾಲಯವೂ ಕೋಫುಕುಜಿ ಬೌದ್ಧವಿಹಾರವೂ ಫುಜಿವಾರ ಮನೆತನದ ಆಶ್ರಯದಲ್ಲಿಯೇ ಬೆಳೆದವು. ಕಾಸುಗಾದಲ್ಲಿ ಭಕ್ತರು ತಲೆತಲಾಂತರದಿಂದ ಅರ್ಪಿಸಿದ ಸುಮಾರು 3,000 ದೀಪಗಳಿವೆ. 1868ರಲ್ಲಿ ಸರಕಾರವು ಶಿಂತೋ ದೇವತೆಗಳನ್ನೂ ಬುದ್ಧನನ್ನೂ ಬೇರ್ಪಡಿಸಬೇಕೆಂದು ಆಜ್ಞಾಪಿಸಲು, ಕೋಫುಕುಜಿಯ ಭಿಕ್ಷುಗಳು ಕಾವಿಯನ್ನು ಬಿಟ್ಟು ಕಾಸುಗಾದ ಅರ್ಚಕರಾದರು, ವಿಹಾರವು ಹಾಳುಬಿದ್ದಿತು. 1881ರಲ್ಲಿ ಅದರ ಪುನರುದ್ಧಾರಕ್ಕೆ ಅನುಮತಿ ದೊರೆಯಿತು. ಇಂದಿಗೂ ವರ್ಷಾರಂಭದಲ್ಲಿ ಅಲ್ಲಿಯ ಭಿಕ್ಷುಗಳು ಕಾಸುಗಾಕ್ಕೆ ಹೋಗಿ ಸೂತ್ರಪಾರಾಯಣ ಮಾಡುವರು. ರಾಜಾಜ್ಞೆಯು ಕಡಿದ ನಂಟನ್ನು ಭಕ್ತಿಯು ಮತ್ತೆ ಬೆಸೆಯಿತು.

ಇನ್ನು ತೋದೈಜಿಯ ಕಥೆಯನ್ನು ಕೇಳಿರಿ. 1180ರ ಯುದ್ಧದಲ್ಲಿ ಅದು ಉರಿದುಹೋಯಿತು. ಮರುವರ್ಷ, ಅರುವತ್ತು ದಾಟಿದ ಚೋಗೆನ್ ಎಂಬ ಭಿಕ್ಷುವು ಜೋಳಿಗೆಯನ್ನು ಹಿಡಿದು ಹೊರಟನು. 1195ರಲ್ಲಿ ಮಂದಿರವು ಮರಳಿ ಎದ್ದಿತು. 1567ರ ಯುದ್ಧದಲ್ಲಿ ಪುನಃ ಉರಿಯಿತು. ಮುಂದೆ ಬಹುಕಾಲ ಮಹಾಮೂರ್ತಿಯು ಮಳೆಗಾಳಿಗೆ ಮೈಯೊಡ್ಡಿ ಕುಳಿತಿತ್ತು. ಆ ನೋವನ್ನು ತಾಳಲಾರದೆ ಕೋಕೆಯಿ ಎಂಬ ಭಿಕ್ಷುವು ದೇಶವನ್ನೆಲ್ಲ ತಿರುಗಿ ಬೇಡಿದನು. 1692ರಲ್ಲಿ ದುರಸ್ತಿಯಾದ ಮೂರ್ತಿಗೆ ಪ್ರತಿಷ್ಠೆಯಾಯಿತು. ಮಂದಿರವು ಪೂರ್ಣವಾದದ್ದು 1709ರಲ್ಲಿ. ಕೋಕೆಯಿಯಾದರೋ 1705ರಲ್ಲಿಯೇ ತೀರಿಕೊಂಡಿದ್ದನು. ಮೊದಲಿನ ಮಂದಿರದ ಅಗಲ ಸುಮಾರು 86 ಮೀಟರು, ಈಗಿನದು ಸುಮಾರು 57. ಅದು ಕಿರಿದಾಯಿತೆಂದು ಯಾರೂ ನಾಚಿಕೊಳ್ಳಲಿಲ್ಲ. ದೊರೆತಷ್ಟರಲ್ಲಿ ಕಟ್ಟಿದ್ದದು.

ಶರಣಬಂಧುಗಳೇ, ಗ್ಯೋಕಿಯು ಉತ್ಸವವನ್ನು ಕಾಣಲಿಲ್ಲ, ಕೋಕೆಯಿಯು ಮಂದಿರವನ್ನು ಕಾಣಲಿಲ್ಲ. ನಮ್ಮ ಮಠಕ್ಕಾಗಿ ಕಲ್ಲು ಹೊತ್ತವರಲ್ಲಿಯೂ ಧಾನ್ಯ ತಂದು ಸುರಿದವರಲ್ಲಿಯೂ ಈ ಸಂಭ್ರಮವನ್ನು ಕಾಣದೆ ಹೋದವರು ಎಷ್ಟು ಮಂದಿಯೋ! ಅವರ ಹೆಸರುಗಳು ಕಲ್ಲಿನ ಮೇಲಿಲ್ಲ. ಇಂದು ನಾವು ದೊಡ್ಡ ದಾನಿಗಳನ್ನು ಸನ್ಮಾನಿಸುವದು ಯೋಗ್ಯವೇ ಸರಿ. ಆದರೆ ಹಿಡಿ ಜೋಳವನ್ನು ಸೆರಗಿನಲ್ಲಿ ಕಟ್ಟಿಕೊಂಡು ಬರುವ ಬಡತಾಯಿಗೆ ಮಠದ ಬಾಗಿಲಲ್ಲಿ ಸಂಕೋಚವಾಗದಂತೆ ನೋಡಿಕೊಳ್ಳುವದು ಅದಕ್ಕಿಂತಲೂ ಮಿಗಿಲು. ಆಕೆಯು ಹಿಂದಿರುಗಿಹೋದ ದಿನ ಗೋಡೆಗಳು ನಿಂತಿದ್ದರೂ ಮಠವು ಬಿದ್ದಂತೆಯೇ. ಆಕೆಯು ಬರುತ್ತಿರುವ ವರೆಗೆ, ಬೆಂಕಿಯೇ ಬಿದ್ದರೂ ಮಠವು ಮತ್ತೆ ಏಳುವದು.