ಗಂಟು ನೋವು, ಮಂಕು ಕವಿದ ತಲೆ

 

ಕಂಪ್ಯೂಟರ್ ಬಗ್ಗೆ ಮಾತಾಡು ಎಂದು ಹೆಡ್‌ಮಾಸ್ಟರು ಹೇಳಿದ್ದರು. ಅವರನ್ನು ಕೇಳಿಯೇ ವಿಷಯ ಬದಲಿಸಿದ್ದೇನೆ. ನಾನು ಡಾಕ್ಟರಲ್ಲ, ಬಿ.ಇ. ಓದಿದವನು. ಮನೆಯಲ್ಲೇ ಈ ಕಾಯಿಲೆ ಇರುವುದರಿಂದ ತಿಳಿದುಕೊಳ್ಳಬೇಕಾಯಿತು.

ನನ್ನ ಅಕ್ಕನೂ ಇದೇ ಶಾಲೆಯವಳು. ಅವಳಿಗೆ ರುಮಟಾಯ್ಡ್ ಆರ್ಥ್ರೈಟಿಸ್, ಅಂದರೆ ಸಂಧಿವಾತ. ವಯಸ್ಸಾದವರಿಗೆ ಮಂಡಿ ಸವೆದು ಬರುವ ನೋವೇ ಬೇರೆ, ಇದೇ ಬೇರೆ. ರೋಗಾಣುಗಳ ಜೊತೆ ಹೋರಾಡಬೇಕಾದ ದೇಹದ ರಕ್ಷಣಾ ವ್ಯವಸ್ಥೆ ಕೀಲುಗಳ ಒಳಪದರದ ಮೇಲೆಯೇ ತಿರುಗಿ ಬೀಳುತ್ತದೆ. ಬೆರಳು, ಮಣಿಕಟ್ಟು ಊದುತ್ತವೆ, ಬೆಳಗ್ಗೆ ಎದ್ದರೆ ಕೈ ಮಡಚಲಾಗದ ಬಿಗಿತ. ಗಂಡಸರಿಗಿಂತ ಹೆಂಗಸರಲ್ಲಿ 2-3 ಪಟ್ಟು ಹೆಚ್ಚು.

ಊದಿದ ಬೆರಳೇನೋ ಎಲ್ಲರಿಗೂ ಕಾಣುತ್ತದೆ. ಅಕ್ಕ ಸ್ತ್ರೀಶಕ್ತಿ ಸಂಘದ ಲೆಕ್ಕ ಬರೆಯುವವಳು, ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ 91 ತೆಗೆದವಳು. ಕಂತಿನ ಹಣ ಕೂಡುವಾಗ ಯಾರಾದರೂ ಮಾತಾಡಿಸಿದರೆ ಮತ್ತೆ ಮೊದಲಿಂದ ಕೂಡಬೇಕಾಗುತ್ತಿತ್ತು. ಗೊತ್ತಿರುವವರ ಹೆಸರೇ ಬಾಯಿಗೆ ಬರುತ್ತಿರಲಿಲ್ಲ. "ಇವಳ ತಲೆ ಓಡ್ತಿಲ್ಲ, ಪುಸ್ತಕ ಬೇರೆಯವರಿಗೆ ಕೊಡೋಣ" ಎಂಬ ಮಾತು ಸಭೆಯಲ್ಲೇ ಬಂತು. (ಅವಳ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ, ಮೂರನೇ ಸಾಲಿನಲ್ಲಿ ಕೂತಿದ್ದಾಳೆ.)

ಈ ಕಾಯಿಲೆಯವರಲ್ಲಿ ಗಮನ, ಯೋಚನೆಯ ವೇಗ, ಅಂಕಿಗಳನ್ನು ಅರೆಗಳಿಗೆ ತಲೆಯಲ್ಲಿ ಹಿಡಿದಿಡುವ ಶಕ್ತಿ ಕುಂದಬಹುದೆಂದು ಹಲವು ಅಧ್ಯಯನಗಳು ತೋರಿಸಿವೆ. ನಮ್ಮ ಕಸುಬಿನ ಮಾತಲ್ಲಿ ಹೇಳಿದರೆ ಹಾರ್ಡ್‌ಡಿಸ್ಕ್ ಚೆನ್ನಾಗಿಯೇ ಇದೆ, ರ್‍ಯಾಮ್ ಸಾಲುತ್ತಿಲ್ಲ. ಹೋಲಿಕೆ ಪೂರ್ತಿ ಸರಿಯಲ್ಲ, ಆದರೆ ಅಕ್ಕನಿಗೆ ಹಿಡಿಸಿತು.

ಉರಿಯೂತ ಇದ್ದಾಗ ರಕ್ತಕ್ಕೆ ಸೇರುವ ಸೈಟೊಕೈನ್ ಎಂಬ ವಸ್ತುಗಳು ಮಿದುಳಿನ ಮೇಲೂ ಪ್ರಭಾವ ಬೀರುತ್ತವೆ. ಜ್ವರ ಬಂದಾಗ ನಮಗೆಲ್ಲ ಮಂಕು ಕವಿಯುತ್ತದಲ್ಲ, ಹಾಗೆ. ಇವರಿಗೆ ಅದು ತಿಂಗಳುಗಟ್ಟಲೆ. ಜೊತೆಗೆ ನೋವಿನಿಂದ ಕೆಟ್ಟ ನಿದ್ದೆ, ರಕ್ತಹೀನತೆ, ಖಿನ್ನತೆ, ಕೆಲವರಿಗೆ ಸ್ಟೀರಾಯ್ಡ್ ಮಾತ್ರೆಯ ಪರಿಣಾಮ. ಇವುಗಳಲ್ಲಿ ಬಹಳಷ್ಟಕ್ಕೆ ಚಿಕಿತ್ಸೆಯಿದೆ. ಅದಕ್ಕೇ ಡಾಕ್ಟರಿಗೆ ಗಂಟು ತೋರಿಸುವಾಗ ಮರೆವಿನ ವಿಷಯವನ್ನೂ ಹೇಳಬೇಕು.

ಮಾತ್ರೆಯ ವಿಷಯದಲ್ಲಿ ಮನೆಯವರೂ ಎಚ್ಚರವಿರಬೇಕು. ಇದಕ್ಕೆ ಕೊಡುವ ಮೆಥೋಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ ತೆಗೆದುಕೊಳ್ಳುವಂಥದ್ದು. ಮರೆತು ದಿನಾ ನುಂಗಿದರೆ ಜೀವಕ್ಕೇ ಕುತ್ತು. ನಮ್ಮಲ್ಲಿ ಕ್ಯಾಲೆಂಡರಿನ ಬುಧವಾರಕ್ಕೆ ಗುರುತು ಹಾಕಿ, ಮಾತ್ರೆ ಪಟ್ಟಿಯನ್ನು ಅಮ್ಮ ಇಟ್ಟುಕೊಂಡಿರುತ್ತಾರೆ.

ಸಂಘದ ಪುಸ್ತಕ ಈಗಲೂ ಅಕ್ಕನ ಹತ್ತಿರವೇ ಇದೆ. ಬಿಗಿತ ಇಳಿದ ಮೇಲೆ ಮಧ್ಯಾಹ್ನ ಕೂತು ಬರೆಯುತ್ತಾಳೆ, ಇನ್ನೊಬ್ಬ ಸದಸ್ಯೆ ಮತ್ತೊಮ್ಮೆ ಕೂಡಿ ನೋಡುತ್ತಾರೆ.

ಮೇಷ್ಟ್ರುಗಳಲ್ಲಿ ಒಂದು ವಿನಂತಿ. 16 ತುಂಬದ ಮಕ್ಕಳಿಗೂ ಕೀಲಿನ ಉರಿಯೂತ ಬರುತ್ತದೆ. ಮೊದಲ ಪೀರಿಯಡ್‌ನಲ್ಲಿ ಪೆನ್ನು ಹಿಡಿಯಲು ಒದ್ದಾಡುವ ಮಗುವನ್ನು ಬೈಯುವ ಮೊದಲು ಅದರ ಬೆರಳು ನೋಡಿ.