ಹೊಲದ ಹೊತ್ತು, ಗಿರಣಿಯ ಗಂಟೆ

ಇಂದಿನ ಮಾತನ್ನು ಒಂದು ಸಣ್ಣ ಪ್ರಯೋಗದಿಂದ ಆರಂಭಿಸೋಣ. ನೀವು ಬೆಳಗಾವಿ ಕಡೆಯವರಾದರೆ, ಬಿಸಿಲಿರುವ ಒಂದು ದಿನ ಶಾಲೆಯ ಬಯಲಿನಲ್ಲಿ ಒಂದು ಕೋಲನ್ನು ನೆಟ್ಟಗೆ ನಿಲ್ಲಿಸಿ. ಅದರ ನೆರಳು ಯಾವಾಗ ಅತಿ ಗಿಡ್ಡವಾಗುತ್ತದೆ ಎಂದು ಗಡಿಯಾರ ಹಿಡಿದು ನೋಡಿ. ಹನ್ನೆರಡು ಗಂಟೆಗೆ ಅಲ್ಲ, ಸುಮಾರು ಹನ್ನೆರಡೂವರೆಗೆ! ಋತುಮಾನಕ್ಕೆ ತಕ್ಕಂತೆ ಇದರಲ್ಲಿ ಕಾಲು ಗಂಟೆಯಷ್ಟು ಹೆಚ್ಚುಕಡಿಮೆ ಆಗಬಹುದು.

ಇದಕ್ಕೆ ಕಾರಣ ಸರಳ. ಭಾರತದ ಗಡಿಯಾರಗಳೆಲ್ಲ 82.5 ಡಿಗ್ರಿ ಪೂರ್ವ ರೇಖಾಂಶಕ್ಕೆ ಹೊಂದಿಕೊಂಡಿವೆ. ಬೆಳಗಾವಿ ಇರುವುದು ಸುಮಾರು 74.5 ಡಿಗ್ರಿಯಲ್ಲಿ. ಒಂದು ಡಿಗ್ರಿ ತಿರುಗಲು ಭೂಮಿಗೆ 4 ನಿಮಿಷ ಬೇಕು. ಎಂಟು ಡಿಗ್ರಿಗೆ 32 ನಿಮಿಷ. ಅಂದರೆ ನಮ್ಮೂರ ಸೂರ್ಯ, ನಮ್ಮ ಕೈಗಡಿಯಾರಕ್ಕಿಂತ ಅರ್ಧ ಗಂಟೆ ಹಿಂದಿದ್ದಾನೆ.

ಸಾವಿರಾರು ವರ್ಷ ಹೊಲ ಉತ್ತ ರೈತನಿಗೆ ಈ ಅರ್ಧ ಗಂಟೆಯ ಗೊಡವೆ ಇರಲಿಲ್ಲ. ಅದು ಬೇಕಾದದ್ದು ರೈಲಿಗೆ, ತಂತಿ ಕಚೇರಿಗೆ, ಕಾರ್ಖಾನೆಗೆ. 1906ರ ಜನವರಿ 1ರಂದು ಭಾರತೀಯ ಪ್ರಮಾಣ ಸಮಯ ಜಾರಿಗೆ ಬಂತು. ಆಗ ಬೆಳಗಾವಿ ಮುಂಬಯಿ ಪ್ರಾಂತದಲ್ಲಿತ್ತು. ಮುಂಬಯಿ ನಗರವಂತೂ ಹೊಸ ಸಮಯವನ್ನು ಒಪ್ಪದೆ, 39 ನಿಮಿಷ ಹಿಂದಿದ್ದ ತನ್ನದೇ ಸಮಯವನ್ನು ಹಲವು ದಶಕ ಉಳಿಸಿಕೊಂಡಿತ್ತು. ಕೃಷಿಯಿಂದ ಕಾರ್ಖಾನೆಗೆ ಬಂದಾಗ ಜನಜೀವನ ಹೇಗೆ ಬದಲಾಯಿತು ಎಂದು ಕೇಳಿದರೆ, ನಾವು ಹಬೆ ಯಂತ್ರ, ವಿದ್ಯುತ್, ಮಗ್ಗ ಎಂದು ಪಟ್ಟಿ ಮಾಡುತ್ತೇವೆ. ನನಗನಿಸುವಂತೆ ಎಲ್ಲಕ್ಕಿಂತ ಆಳವಾಗಿ ಮನೆಯೊಳಗೆ ಹೊಕ್ಕ ಯಂತ್ರ ಗಡಿಯಾರ.

ಮೊದಲು ಹೊಲದ ಹೊತ್ತನ್ನು ನೋಡೋಣ. ನಾನು ಬೆಳೆದದ್ದು ಬೆಳಗಾವಿಯ ಮಹಾಂತೇಶ ನಗರದಲ್ಲಿ. ನನ್ನ ತಾಯಿಯ ತವರು ಖಾನಾಪುರ ತಾಲ್ಲೂಕಿನ ಕಾಡಂಚಿನ ಒಂದು ಹಳ್ಳಿ. ಅಲ್ಲಿ ಅಜ್ಜ ದಿನಗಳನ್ನು ಎಣಿಸುತ್ತಿದ್ದದ್ದು ಮಳೆಯ ಹೆಸರಿನಿಂದ: ರೋಹಿಣಿ, ಮೃಗಶಿರಾ, ಆರಿದ್ರಾ. ಕಾರಹುಣ್ಣಿಮೆಗೆ ಎತ್ತಿನ ಮೆರವಣಿಗೆ, ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಚರಗ. ಬಡಿಗ, ಕಮ್ಮಾರ, ಕುಂಬಾರರಿಗೆ ವರ್ಷದ ದುಡಿಮೆಗೆ ಸುಗ್ಗಿಯಲ್ಲಿ ಕಾಳಿನ ಆಯ. ಸೋಮವಾರ ಮಾತ್ರ ಎತ್ತಿನ ಹೆಗಲಿಗೆ ನೊಗ ಇಲ್ಲ. ಅದು ಬಸವಣ್ಣನ ವಾರ.

ಇದನ್ನು ಕೇಳಿ, ಹಳ್ಳಿಯ ಬದುಕು ಬಲು ನೆಮ್ಮದಿಯದಾಗಿತ್ತು ಎಂದು ತಿಳಿಯಬೇಡಿ. ನಾಟಿಯ ಕಾಲದಲ್ಲಿ ನಸುಕಿನಿಂದ ಕತ್ತಲೆಯವರೆಗೆ ಮೊಣಕಾಲುದ್ದ ಕೆಸರಿನಲ್ಲಿ ಬಗ್ಗಿ ನಿಲ್ಲಬೇಕು. ಸುಗ್ಗಿ ಮುಗಿದ ಮೇಲೆ ಭೂಮಿ ಇಲ್ಲದವರಿಗೆ ತಿಂಗಳುಗಟ್ಟಲೆ ಕೂಲಿ ಇಲ್ಲ. ಮಳೆ ಕೈಕೊಟ್ಟರೆ ಸಾಲ. ಎತ್ತಿಗೆ ವಾರಕ್ಕೊಂದು ಬಿಡುವಿತ್ತು. ಆದರೆ ಆಳಿಗೆ ಇಷ್ಟೇ ತಾಸು ದುಡಿಮೆ ಎಂಬ ಲೆಕ್ಕವನ್ನು ಬರೆದಿಟ್ಟವರಿಲ್ಲ.

ಈಗ ಗೋಕಾಕಕ್ಕೆ ಬನ್ನಿ. ಬೆಳಗಾವಿ ಜಿಲ್ಲೆಯ ಈ ಊರ ಬಳಿ ಘಟಪ್ರಭಾ ನದಿ ಸುಮಾರು 52 ಮೀಟರ್ ಎತ್ತರದಿಂದ ಧುಮುಕುತ್ತದೆ. ಹತ್ತಿ ಬೆಳೆಯುವ ಸೀಮೆಯ ಪಕ್ಕದಲ್ಲಿರುವ ಈ ಜಲಪಾತದ ಬಳಿ 1885ರಲ್ಲಿ ಒಂದು ಕಂಪನಿ ಹುಟ್ಟಿಕೊಂಡಿತು. 1887ರಲ್ಲಿ ನೂಲಿನ ಗಿರಣಿ ಕೆಲಸ ಆರಂಭಿಸಿತು. ಅಲ್ಲಿಯೇ ಏಕೆ? ಲೆಕ್ಕ ಹಾಕಿ ನೋಡೋಣ. ಸೆಕೆಂಡಿಗೆ ಒಂದು ಸಾವಿರ ಲೀಟರ್ ನೀರು 52 ಮೀಟರ್ ಕೆಳಗೆ ಬಿದ್ದರೆ ಸುಮಾರು 510 ಕಿಲೋವ್ಯಾಟ್ ಶಕ್ತಿ, ಅಂದರೆ ಹತ್ತಿರ ಹತ್ತಿರ 680 ಅಶ್ವಶಕ್ತಿ. ಯಂತ್ರದಲ್ಲಾಗುವ ನಷ್ಟವನ್ನು ಕಳೆಯಬೇಕೆನ್ನಿ. ಒಂದು ಜೋಡಿ ಎತ್ತು ಹೆಚ್ಚುಕಡಿಮೆ ಒಂದು ಅಶ್ವಶಕ್ತಿಯ ಕೆಲಸ ಮಾಡುತ್ತದೆ. ಹಾಗಾದರೆ ಆ ನೀರಿನ ಧಾರೆಯಲ್ಲಿ ನೂರಾರು ಜೋಡಿ ಎತ್ತುಗಳು ಅಡಗಿವೆ. ಅವಕ್ಕೆ ಮೇವು ಬೇಡ, ರಾತ್ರಿ ನಿದ್ದೆ ಬೇಡ, ಸೋಮವಾರದ ಬಿಡುವೂ ಬೇಡ.

ತೊಡಕು ಇದ್ದದ್ದು ಇಲ್ಲಿಯೇ. ದಣಿಯದ ಯಂತ್ರದ ಮುಂದೆ ದಣಿಯುವ ಮನುಷ್ಯ ನಿಲ್ಲಬೇಕಾಯಿತು. ಗಿರಣಿಯ ಸೈರನ್ನಿಗೆ ನಮ್ಮ ಕಡೆ ಭೋಂಗಾ ಎನ್ನುತ್ತಾರೆ. ಭೋಂಗಾ ಕೂಗಿದಾಗ ಏಳಬೇಕು, ಕೂಗಿದಾಗ ಒಳಗಿರಬೇಕು. ತಡವಾದರೆ ಪಗಾರದಲ್ಲಿ ಕಡಿತ.

ಆ ಕಾಲದ ಕಾನೂನು ಏನು ಹೇಳುತ್ತಿತ್ತು ಗೊತ್ತೇ? 1881ರ ಮೊದಲ ಕಾರ್ಖಾನೆ ಕಾಯಿದೆ ಏಳು ವರ್ಷದೊಳಗಿನ ಮಕ್ಕಳನ್ನು ದುಡಿಸಬಾರದೆಂದಿತು. ಅಂದರೆ ಏಳು ತುಂಬಿದ ಮಗುವನ್ನು ದಿನಕ್ಕೆ 9 ತಾಸು ದುಡಿಸಬಹುದಿತ್ತು! ಇಂದು ಆ ವಯಸ್ಸಿನ ಮಗು ಎರಡನೆಯ ತರಗತಿಯಲ್ಲಿ ಮಗ್ಗಿ ಹೇಳುತ್ತಿರುತ್ತದೆ. ದೊಡ್ಡವರ ದುಡಿಮೆಗೆ ಮಿತಿಯೇ ಇರಲಿಲ್ಲ. ಮುಂಬಯಿಯಲ್ಲಿ ನಾರಾಯಣ ಮೇಘಾಜಿ ಲೋಖಂಡೆ ಎಂಬ ಕಾರ್ಮಿಕ ನಾಯಕರು ವಾರದ ರಜೆಗಾಗಿ ಗಿರಣಿ ಕೆಲಸಗಾರರನ್ನು ಸಂಘಟಿಸಿದರು. 1890ರಲ್ಲಿ ಅಲ್ಲಿನ ಮಾಲೀಕರು ಭಾನುವಾರದ ರಜೆಗೆ ಒಪ್ಪಿದರು. 1891ರ ಕಾಯಿದೆಯಲ್ಲಿ ವಾರದ ರಜೆ ಸೇರಿತು. ಹೆಂಗಸರ ದುಡಿಮೆಗೆ 11 ತಾಸಿನ ಮಿತಿ ಬಂತು. 1922ರಲ್ಲಿ ವಾರಕ್ಕೆ 60 ತಾಸು, 1934ರಲ್ಲಿ 54, ಸ್ವಾತಂತ್ರ್ಯದ ನಂತರ 1948ರ ಕಾಯಿದೆಯಲ್ಲಿ 48. ಆ ಕಾಯಿದೆಯ ಸ್ಥಾನಕ್ಕೆ 2025ರ ನವೆಂಬರ್‌ನಲ್ಲಿ ಹೊಸ ಕಾರ್ಮಿಕ ಸಂಹಿತೆ ಬಂದಿದೆ. ನೀವು ಆನಂದದಿಂದ ಕಳೆಯುವ ಭಾನುವಾರ ಪಂಚಾಂಗದಿಂದ ಬಂದದ್ದಲ್ಲ. ಅದನ್ನು ಕೇಳಿ ಪಡೆದವರಿದ್ದಾರೆ.

ಗೋಕಾಕ ಹಳೆಯ ಕಥೆಯಾಯಿತು. ನಾನೇ ಕಂಡದ್ದನ್ನು ಹೇಳುತ್ತೇನೆ. ಬೆಳಗಾವಿಯಿಂದ ಖಾನಾಪುರಕ್ಕೆ ಹೋಗುವ ದಾರಿಯಲ್ಲಿ ಉದ್ಯಮಬಾಗ ಇದೆ. ಅಲ್ಲಿ ಫೌಂಡ್ರಿಗಳು ಬಹಳ. ಮರಳಿನ ಅಚ್ಚು ಮಾಡಿ, ಕರಗಿದ ಕಬ್ಬಿಣ ಹೊಯ್ದು, ಪಂಪು, ಯಂತ್ರ, ವಾಹನಗಳ ಬಿಡಿಭಾಗಗಳನ್ನು ಎರಕ ಹೊಯ್ಯುತ್ತಾರೆ. ನನ್ನ ಸೋದರಮಾವ ಅಂಥದೊಂದು ಫೌಂಡ್ರಿಯಲ್ಲಿ ದುಡಿಯುತ್ತಿದ್ದರು. ನಸುಕಿನಲ್ಲಿ ಮಾಮಿ ಕಟ್ಟಿಕೊಟ್ಟ ರೊಟ್ಟಿಯ ಡಬ್ಬಿ ಹಿಡಿದು ಹಳ್ಳಿಯಿಂದ ಬರುತ್ತಿದ್ದರು. ಅವರ ಪಗಾರದಿಂದ ಮನೆಗೆ ಹೆಂಚು ಬಂತು, ಕಿರಾಣಿ ಅಂಗಡಿಯ ಉದ್ರಿ ತಿಂಗಳಿಗೊಮ್ಮೆ ತೀರಿತು, ಮಕ್ಕಳು ಹೈಸ್ಕೂಲು ಮುಟ್ಟಿದರು. ಗೋಡೆಗೆ ಒಂದು ಗಡಿಯಾರವೂ ಬಂತು.

1990ರ ಸುಮಾರಿನ ಮಾತು. ನನಗಾಗ ಹತ್ತು ವರ್ಷ. ಆ ವರ್ಷ ಮಳೆ ತಡವಾಗಿ, ಬಂದಾಗ ಒಮ್ಮೆಗೇ ಬಂತು. ನಾಟಿಗೆ ಆಳು ಸಿಗಲಿಲ್ಲ. ಮಾಮಾ ರಜೆ ಕೇಳಿದರು, ಸಿಗಲಿಲ್ಲ. ನಾಲ್ಕು ದಿನ ಕೆಲಸಕ್ಕೆ ಹೋಗದೆ ಗದ್ದೆಗಿಳಿದರು. ಐದನೆಯ ದಿನ ಹೋದಾಗ ಅವರ ಹೆಸರು ಹಾಜರಿ ಪುಸ್ತಕದಲ್ಲಿ ಇರಲಿಲ್ಲ. ಸಂಜೆ ನಮ್ಮ ಮನೆಯ ಕಟ್ಟೆಯ ಮೇಲೆ ಅವರು ಸುಮ್ಮನೆ ಕೂತಿದ್ದರು. ಮಾಮಿ ಹೇಳಿದ ಮಾತು ಇಂದಿಗೂ ನೆನಪಿದೆ: “ಮಳಿಗಿ ರಜಾ ಅರ್ಜಿ ಬರದ ಕೊಡಾಕ ಬರ್ತೈತೇನು?”

ವಿಜ್ಞಾನ ಓದಿದ ಮೇಲೆ ಆ ಪ್ರಸಂಗದ ಇನ್ನೊಂದು ಮುಖ ನನಗೆ ತಿಳಿಯಿತು. ಬೀಡು ಕಬ್ಬಿಣ ಕರಗಲು ಸುಮಾರು 1200 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಬೇಕು. ಕರಗಿದ ಲೋಹ ಯಾರಿಗೂ ಕಾಯುವುದಿಲ್ಲ. ಹೊಯ್ಯುವ ಕೈ ಒಂದು ಕಡಿಮೆಯಾದರೆ ಹದ ತಪ್ಪಿ ಎರಕ ಕೆಡುತ್ತದೆ. ಗದ್ದೆಗೂ ಒಂದು ಹದವಿದೆ, ಅದೂ ಕಾಯುವುದಿಲ್ಲ. ಮಾಮಾ ನಿಂತದ್ದು ಎರಡು ಹದಗಳ ನಡುವೆ. ಅವರನ್ನು ಸೋಮಾರಿ ಎಂದವರು ಈ ಲೆಕ್ಕವನ್ನು ಮಾಡಿರಲಿಲ್ಲ. ಕೆಲವು ತಿಂಗಳ ನಂತರ ಬೇರೊಂದು ಕಡೆ ಗುತ್ತಿಗೆಯ ಮೇಲೆ ಕೆಲಸ ಸಿಕ್ಕಿತು, ಪಗಾರ ಮೊದಲಿಗಿಂತ ಕಡಿಮೆ. ಮುಂದೆ ಅವರು ಗದ್ದೆಯ ಅರ್ಧ ಭಾಗವನ್ನು ಪಾಲಿಗೆ ಕೊಟ್ಟರು.

ಇನ್ನು ಮಾಮಿಯ ಹೊತ್ತು? ಮಾಮಾ ಪಾಳಿಗೆ ಹೋದ ಮೇಲೆ ದನ, ಕಳೆ, ನೀರು, ಒಲೆ ಎಲ್ಲವೂ ಅವರ ಪಾಲಿಗೆ ಬಂದವು. ಎಮ್ಮೆಯ ಹಾಲನ್ನು ಹೊತ್ತಿಗೆ ಸರಿಯಾಗಿ ಊರಿನ ಹಾಲಿನ ಸಂಘಕ್ಕೆ ಹಾಕಬೇಕು, ಇಲ್ಲದಿದ್ದರೆ ಗಾಡಿ ಹೊರಟುಬಿಡುತ್ತದೆ. ಆ ಗಾಡಿ ಬರುವುದು ಜಿಲ್ಲಾ ಹಾಲು ಒಕ್ಕೂಟದ ಡೇರಿಗೆ, ನಮ್ಮ ಮಹಾಂತೇಶ ನಗರಕ್ಕೆ. ಹೀಗೆ ಕೊಟ್ಟಿಗೆಯ ಎಮ್ಮೆಯೂ ಗಡಿಯಾರಕ್ಕೆ ಒಗ್ಗಿಕೊಂಡಿತು. ಮಾಮಾನ ಪಾಳಿಗೆ ಆರಂಭ ಮತ್ತು ಕೊನೆ ಎರಡೂ ಇದ್ದವು. ಮಾಮಿಯ ದುಡಿಮೆಗೆ ಭೋಂಗಾ ಕೂಗುವವರು ಯಾರೂ ಇರಲಿಲ್ಲ. ಅವರ ತಾಸುಗಳನ್ನು ಯಾವ ಕಾಯಿದೆಯೂ ಎಣಿಸಿರಲಿಲ್ಲ.

ಮಿತ್ರರೇ, ಕಾರ್ಖಾನೆ ನಮಗೆ ತಿಂಗಳ ಪಗಾರ ಕೊಟ್ಟಿತು. ದುಡಿಮೆಗೆ ಲೆಕ್ಕವನ್ನೂ ಕೊಟ್ಟಿತು. ಲೆಕ್ಕ ಇದ್ದುದರಿಂದಲೇ “ಇಷ್ಟು ಸಾಕು” ಎಂದು ಹೇಳುವ ಹಕ್ಕು ಬಂತು. ಅದು ಕಿತ್ತುಕೊಂಡದ್ದೂ ಉಂಟು: ಮಳೆ ಬಂದ ದಿನ ಹೊಲದಲ್ಲಿರುವ ಸ್ವಾತಂತ್ರ್ಯ. ನಿಮ್ಮ ಶಾಲೆಯ ಗಂಟೆ, ನಲವತ್ತು ನಿಮಿಷದ ಪಿರಿಯಡ್, ವೇಳಾಪಟ್ಟಿ ಇವೆಲ್ಲ ಆ ಭೋಂಗಾದ ಬಂಧುಗಳೇ. ನಾಳೆ ನೀವು ಮೊಬೈಲ್ ಫೋನಿನಲ್ಲಿ ಕರೆ ಬಂದಾಗಲೆಲ್ಲ ದುಡಿಯುವ ಕೆಲಸಕ್ಕೆ ಸೇರಬಹುದು. ಆಗ ದುಡಿಮೆ ಎಲ್ಲಿ ಮುಗಿಯುತ್ತದೆ ಎಂಬ ಪ್ರಶ್ನೆಯನ್ನು ಹೊಸದಾಗಿ ಕೇಳಬೇಕಾಗುತ್ತದೆ.

ಕೊನೆಯದಾಗಿ ಒಂದು ಮನೆಗೆಲಸ. ನಿಮ್ಮ ಮನೆಯ ಹಿರಿಯರನ್ನು ಕೇಳಿ: ನಮ್ಮ ಮನೆಗೆ ಮೊದಲ ಗಡಿಯಾರ ಯಾವಾಗ ಬಂತು? ಯಾರ ಪಗಾರದಿಂದ ಬಂತು? ಅದು ಬಂದ ಮೇಲೆ ಮನೆಯಲ್ಲಿ ಎಲ್ಲರಿಗಿಂತ ಮೊದಲು ಏಳುತ್ತಿದ್ದವರು ಯಾರು? ಉತ್ತರಗಳನ್ನು ಬರೆದಿಡಿ. ಅದು ನಿಮ್ಮ ಮನೆತನದ ಕೈಗಾರಿಕಾ ಇತಿಹಾಸ.